ಹುಂಜನ ಗರಿಯ ಅಳತೆ

ಮಲ್ಲಿಗೆ ಕಟ್ಟುವ ಕೈಗೆ ನೊಣ ಕಟ್ಟುವ ಕೆಲಸ ಕೊಡಬಾರದು. ಕೊಟ್ಟವರು ನನ್ನ ಗಂಡ, ಕಟ್ಟಿದವಳು ನಾನು. ಇಬ್ಬರಲ್ಲಿ ಯಾರ ತಪ್ಪು ಹೆಚ್ಚು ಎಂದು ಈಗ ತೂಗಿ ನೋಡಿ ಪ್ರಯೋಜನವಿಲ್ಲ. ಆದರೂ ಮನಸ್ಸು ಅದನ್ನೇ ತೂಗುತ್ತಿರುತ್ತದೆ.

ನೊಣವೆಂದರೆ ನಿಜವಾದ ನೊಣವಲ್ಲ. ಟ್ರೌಟ್ ಎಂಬ ಮೀನನ್ನು ಹಿಡಿಯಲು ಪುಟ್ಟ ಗಾಳದ ಮೇಲೆ ದಾರವನ್ನೂ ಗರಿಯನ್ನೂ ಸುತ್ತಿ ಮಾಡುವ ಸುಳ್ಳು ನೊಣ. ಎರೆಹುಳ ಚುಚ್ಚಿ ನೀರಿಗೆ ಇಳಿಬಿಡುವ ನಮ್ಮೂರಿನ ಗಾಳದ ರೀತಿಯೇ ಬೇರೆ, ಇದರ ರೀತಿಯೇ ಬೇರೆ. ಇದು ನೀರಿನ ಮೇಲೆ ತೇಲುತ್ತಾ ಹೋಗಬೇಕು, ಈಗಷ್ಟೇ ಬಂದು ಕುಳಿತ ಹುಳದಂತೆ ಕಾಣಬೇಕು, ಮೀನು ಕೆಳಗಿನಿಂದ ಎದ್ದು ಬಂದು ಬಾಯಿ ಹಾಕಬೇಕು. ಆ ಮೀನು ನಮ್ಮ ನೇತ್ರಾವತಿಯಲ್ಲಿಲ್ಲ. ಅದಕ್ಕೆ ಹಿಮ ಕರಗಿದ ನೀರೇ ಆಗಬೇಕು.

ಇವರು ಹಿಮಾಚಲದಲ್ಲಿ ಸುರಂಗ ಕೊರೆದು ವಿದ್ಯುತ್ ತೆಗೆಯುವ ಒಂದು ಯೋಜನೆಯಲ್ಲಿ ಫೋರ್‌ಮನ್ ಆಗಿದ್ದರು. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಲಾಯಿಲದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ಸಂಸಾರವೆಂದರೆ ನಮಗೆ ಅವರ ರಜೆ ಮತ್ತು ಸಂಜೆಯ ಫೋನು. ಆ ಫೋನಿನಲ್ಲಿ ಇವರು ಸುರಂಗದ ಸುದ್ದಿಗಿಂತ ಮೀನಿನ ಸುದ್ದಿಯನ್ನೇ ಹೆಚ್ಚು ಹೇಳುತ್ತಿದ್ದರು. ಜೊತೆಗೆ ಕೆಲಸ ಮಾಡುವ ಅಲ್ಲಿಯವನೇ ಒಬ್ಬ ಇಲೆಕ್ಟ್ರಿಷಿಯನ್ ಇವರಿಗೆ ಆ ಹುಚ್ಚು ಹಿಡಿಸಿದ್ದ. ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿಕೊಟ್ಟವನು ಅವನು, ನೊಣ ಕಟ್ಟಿಕೊಡುತ್ತಿದ್ದವನೂ ಅವನು. ಬೋಲ್ಟು ಬಿಗಿದು ಬಿಗಿದು ದಪ್ಪಗಾದ ಇವರ ಬೆರಳಿಗೆ ಆ ಕೆಲಸ ಒಗ್ಗಲೇ ಇಲ್ಲ. ಹೇಗೆ ಕಟ್ಟಬೇಕೆಂದು ಬಾಯಲ್ಲಿ ಹೇಳುವುದು ಮಾತ್ರ ಚೆನ್ನಾಗಿ ಕಲಿತರು.

ಬಾಯಿ ಇದ್ದ ಮೇಲೆ ಜಂಬವೂ ಬರುತ್ತದೆ. ನನ್ನ ಹೆಂಡತಿಯ ತವರಿನಲ್ಲಿ ಅಂಕಕ್ಕೆ, ಎಂದರೆ ಕೋಳಿ ಕಾಳಗಕ್ಕೆ, ಸಾಕಿದ ಹುಂಜಗಳಿವೆ, ಅವು ಜಗಳಕ್ಕೆ ನಿಂತರೆ ಕುತ್ತಿಗೆಯ ಗರಿ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ನೀನು ಅಂಗಡಿಯಿಂದ ತರುವ ಗರಿ ಅದರ ಮುಂದೆ ಏನೂ ಅಲ್ಲ ಎಂದು ಆ ಇಲೆಕ್ಟ್ರಿಷಿಯನ್ ಗೆಳೆಯನಿಗೆ ಹೇಳಿಬಿಟ್ಟಿದ್ದರಂತೆ. ನಿವೃತ್ತರಾಗಿ ಊರಿಗೆ ಬಂದ ಮೇಲೂ ಆ ಮಾತು ಇವರನ್ನು ಬಿಡಲಿಲ್ಲ.

“ನಮ್ಮೂರಿನ ಹುಂಜನ ಗರಿ, ನೀನು ಕಟ್ಟಿದ ನೊಣ, ನನ್ನ ಮೀನು. ಒಂದು ಸಾಕು,” ಎಂದರು ಒಂದು ದಿನ. “ಮೇ ತಿಂಗಳಲ್ಲಿ ಒಮ್ಮೆ ಹೋಗಿ ಬರ್ತೇನೆ. ಮತ್ತೆ ಕೇಳುವುದಿಲ್ಲ.”

ಇವರು ನನ್ನಲ್ಲಿ ಹೀಗೆ ಏನನ್ನಾದರೂ ಕೇಳಿದ್ದು ಬಹಳ ಕಡಿಮೆ. ಹಾಗಾಗಿ ನಾನು ಹೂಂ ಎಂದೆ.

ಗರಿಗಾಗಿ ಪುಂಜಾಲಕಟ್ಟೆಗೆ, ನನ್ನ ಅಣ್ಣನ ಮನೆಗೆ ಹೋದೆವು. ಅಣ್ಣನಿಗೆ ಹುಂಜಗಳೆಂದರೆ ಪ್ರಾಣ. ಅಂಕದಲ್ಲಿ ಸೋತು ಬಿದ್ದ ಹುಂಜ ಗೆದ್ದವನ ಪಾಲು, ತೆಂಗಿನಕಾಯಿ ಅರೆದು ಮಾಡಿದ ಅದರ ಗಸಿಯ ರುಚಿ ಬೇರೆಯೇ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹಾಗೆ ಗೆದ್ದು ತಂದ ಕೋಳಿ ಆ ಮನೆಗೆ ಆಗಾಗ ಬರುತ್ತಿತ್ತು. ತೊಂದರೆ ಏನೆಂದರೆ ನಾವು ಕೋಳಿಯನ್ನು ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತು, ತೆಂಗಿನ ಒಣ ಮಡಲಿನ ಬೆಂಕಿಯಲ್ಲಿ ಸುಟ್ಟು, ಅರಸಿನ ಹಚ್ಚುವವರು. ಅಷ್ಟಾದ ಮೇಲೆ ಗರಿಯೆಲ್ಲಿ ಉಳಿಯುತ್ತದೆ? ಇವರಿಗೆ ಬೇಕಾದದ್ದು ಕುತ್ತಿಗೆಯ ಚರ್ಮವನ್ನು ನೀರು ತಾಗಿಸುವ ಮೊದಲೇ ಗರಿಯ ಸಮೇತ ಸುಲಿದು, ಉಪ್ಪು ಸವರಿ, ಹಲಗೆಗೆ ಮೊಳೆ ಹೊಡೆದು ಒಣಗಿಸಿದ್ದು.

ಅಣ್ಣನಿಗೆ ಇದು ಮಹಾ ಅನ್ಯಾಯವಾಗಿ ಕಂಡಿತು. “ಎಂತ ಭಾವ, ಕುತ್ತಿಗೆಯ ಚರ್ಮ ನೀವು ತೆಗೊಂಡು ಹೋದ್ರೆ ಗಸಿಯಲ್ಲಿ ಎಂತ ಉಂಟು ಮತ್ತೆ? ಬರೀ ಸಾರು ಕುಡಿಯುವುದಾ?”

“ಕಾಲು ನಿಮಗೆ, ಕುತ್ತಿಗೆ ನನಗೆ,” ಎಂದರು ಇವರು. ಹಾಗೆ ಒಪ್ಪಂದವಾಯಿತು.

ಗರಿ ಬಂದ ಮೇಲೆ ಪಾಠ ಶುರುವಾಯಿತು. ಊಟದ ಮೇಜಿನ ತುದಿಗೆ ಇಕ್ಕಳದಂಥ ಪುಟ್ಟದೊಂದು ವೈಸ್ ಬಿಗಿದು ಅದರಲ್ಲಿ ಗಾಳ ಸಿಕ್ಕಿಸಿದರು. ಹೇಂಟೆಯ ಗರಿ ಮೆತ್ತಗೆ, ನೀರು ಕುಡಿದು ಮುಳುಗುತ್ತದೆ. ಹುಂಜನದ್ದು ಬಿರುಸು, ನೀರಿನ ಮೇಲೆ ನಿಲ್ಲುತ್ತದೆ. ಅದರಲ್ಲೂ ಕುತ್ತಿಗೆಯದ್ದೇ ಆಗಬೇಕು. “ಹಾಗಾದ್ರೆ ಹುಂಜಗಳಲ್ಲಿ ಕೆಲಸಕ್ಕೆ ಬರುವುದು ಕುತ್ತಿಗೆ ಒಂದೇ ಅಂತ ಆಯ್ತು,” ಎಂದೆ. ಇವರು ಕೇಳಿಸದವರಂತೆ ಮುಂದುವರಿಸಿದರು. ತಲೆಯ ಹತ್ತಿರದ ಗರಿ ಸಣ್ಣದು, ಬೆನ್ನಿನ ಕಡೆಗೆ ಬಂದ ಹಾಗೆ ದೊಡ್ಡದು. ಯಾವ ಗಾಳಕ್ಕೆ ಯಾವ ಗರಿ ಎಂಬುದೇ ಇಡೀ ವಿದ್ಯೆ. ಗರಿಯನ್ನು ಗಾಳದ ಪಕ್ಕದಲ್ಲಿ ಬಾಗಿಸಿ ಹಿಡಿದರೆ ಎಳೆಗಳು ಬಿಚ್ಚಿಕೊಂಡು ನಿಲ್ಲುತ್ತವೆ. ಗಾಳದ ಮುಳ್ಳಿಗೂ ಬೆನ್ನಿಗೂ ನಡುವೆ ಎಷ್ಟು ಬಾಯಿ ತೆರೆದಿದೆಯೋ, ಎಳೆಯ ಉದ್ದ ಅದರ ಒಂದೂವರೆ ಪಾಲು ಇರಬೇಕು. ಎರಡು ಪಾಲು ದಾಟಲೇಬಾರದು. ಗಾಳದ ನಂಬರಿನದ್ದು ಇನ್ನೊಂದು ತಮಾಷೆ. ನಂಬರು ಹೆಚ್ಚಾದಷ್ಟೂ ಗಾಳ ಸಣ್ಣದಂತೆ. ನಾನು ಮಾರ್ಕು ಹಾಕುವವಳು, ಹನ್ನೆರಡಕ್ಕಿಂತ ಹದಿನಾಲ್ಕು ಚಿಕ್ಕದು ಎಂಬುದು ನನ್ನ ತಲೆಗೆ ಕೊನೆಯವರೆಗೂ ಹಿಡಿಸಲಿಲ್ಲ.

ಇವರು ಹೇಳಿದಂತೆ ಒಂದು ಕಟ್ಟಿದೆ. ಸಣ್ಣ ಗರಿಯನ್ನು ಗಾಳದ ಕುತ್ತಿಗೆಗೆ ಎರಡು ಮೂರು ಸುತ್ತು ಸುತ್ತಿ ದಾರ ಬಿಗಿದೆ. ಕೂದಲು ಉದುರಿದ ತಲೆಯಂತಿತ್ತು. ಎಳೆಗಳ ನಡುವೆ ದಾರ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು.

ಯಾಕೆ ನಾಚಿಕೆಯಾಯಿತೆಂದು ಹೇಳಬೇಕು. ನಮ್ಮ ತವರಿನ ಅಂಗಳದ ಬದಿಯಲ್ಲಿ ಮಲ್ಲಿಗೆಯ ಸಾಲು ಇತ್ತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಬಂಟ್ವಾಳದ ಹೂವಿನವರಿಗೆ ಬಸ್ಸಿನಲ್ಲಿ ಕಳಿಸುವುದು ಅಮ್ಮನ ಮತ್ತು ನನ್ನ ಕೆಲಸ. ಮೊಗ್ಗಿಗೆ ಮೊಗ್ಗು ಒತ್ತಿ ಕೂರಬೇಕು, ನಾರು ಹೊರಗೆ ಕಾಣಲೇಬಾರದು. ಎಲ್ಲಾದರೂ ಸಡಿಲವಾಗಿ ಕಟ್ಟಿದರೆ ಅಮ್ಮ ಬಿಚ್ಚಿಸುತ್ತಿದ್ದರು. “ಇದನ್ನು ಮುಡ್ಕೊಂಡು ಯಾರಾದ್ರೂ ಮದುವೆಗೆ ಹೋಗ್ತಾರಾ? ಕಟ್ಟಿದವಳು ಯಾರು ಅಂತ ಕೇಳಿದ್ರೆ ನಾನು ಎಂತ ಹೇಳ್ಬೇಕು?” ಎನ್ನುತ್ತಿದ್ದರು. ದಟ್ಟವಾಗಿ ಕಟ್ಟುವುದು ನನಗೆ ಕೆಲಸವಲ್ಲ, ಮಾನದ ಪ್ರಶ್ನೆ. ಈಗಲೂ ಬೇರೆಯವರ ಜಡೆಯಲ್ಲಿ ನಾರು ಕಂಡರೆ ನನ್ನ ಬೆರಳು ತುರಿಸುತ್ತದೆ.

ಹಾಗಾಗಿ ಎರಡನೆಯದಕ್ಕೆ ಕುತ್ತಿಗೆಯ ಕೆಳಭಾಗದಿಂದ ದೊಡ್ಡ ಗರಿ ಆರಿಸಿದೆ. ಒಂದಲ್ಲ, ಎರಡು ಜೋಡಿಸಿ ಸುತ್ತಿದೆ. ದಾರ ಮುಚ್ಚಿಹೋಯಿತು. ನೊಣ ಗೊಂಡೆ ಹೂವಿನಂತೆ ತುಂಬಿಕೊಂಡಿತು. ವೈಸಿನಿಂದ ಬಿಡಿಸಿ ಅಂಗೈಯಲ್ಲಿಟ್ಟು ಇವರ ಮುಂದೆ ಹಿಡಿದೆ.

ಇವರು ಕನ್ನಡಕ ಹಣೆಗೇರಿಸಿ, ಇಳಿಸಿ, ತಿರುಗಿಸಿ ನೋಡಿದರು. “ಚಂದ ಉಂಟು. ಆದರೆ ಸ್ವಲ್ಪ ಸಣ್ಣ ಗರಿ ಹಾಕುವ, ಅಲ್ವಾ?”

“ಯಾಕೆ, ನಿಮ್ಮ ಮೀನಿಗೆ ಕಣ್ಣಿಗೆ ಕಾಣುವುದು ಬೇಡ್ವಾ?”

“ಮೀನಿಗೆ ಕಾಣ್ತದೆ ಮಾರಾಯ್ತಿ. ನೀರಿನಲ್ಲಿ ನಿಲ್ಬೇಕಲ್ಲ, ಅದಕ್ಕೆ.”

“ನಿಲ್ತದೆ, ನೀವು ನೋಡಿ ಬೇಕಾದ್ರೆ,” ಎಂದೆ. ಇವರು ಸುರಂಗದಲ್ಲಿ ದೊಡ್ಡ ಗಂಟಲಿನಲ್ಲಿ ಕೆಲಸ ಮಾಡಿಸಿದ ಮನುಷ್ಯ. ಮನೆಗೆ ಬಂದರೆ ಮಾತ್ರ ಒಂದು ಮಾತನ್ನು ಎರಡನೇ ಸಲ ಹೇಳುವವರಲ್ಲ. ಉಪ್ಪಿಲ್ಲದ ಸಾಂಬಾರನ್ನೂ ಸುಮ್ಮನೆ ಉಂಡು ಏಳುತ್ತಾರೆ. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಎದುರು ಮಾತಾಡದವರೆಲ್ಲ ಒಪ್ಪಿದವರೇ.

ಕಟ್ಟಿದ್ದರಲ್ಲಿ ಒಂದನ್ನು ಸ್ಟಾಫ್ ರೂಮಿಗೂ ತೆಗೆದುಕೊಂಡು ಹೋಗಿದ್ದೆ. ಊಟದ ಹೊತ್ತಿನಲ್ಲಿ ಅದು ಕೈಯಿಂದ ಕೈಗೆ ಹೋಯಿತು. ವಿಜ್ಞಾನದ ಮೇಷ್ಟ್ರು ಇದು ಯಾವ ಕೀಟ ಎಂದು ಗಂಭೀರವಾಗಿ ಕೇಳಿದರು. ಹೊಲಿಗೆ ಟೀಚರು ಸೆರಗಿಗೆ ಹಿಡಿದು ನೋಡಿ, ಮುಳ್ಳು ಮುರಿದು ಪಿನ್ ಮಾಡಿಕೊಟ್ಟರೆ ಮದುವೆಗೆ ಹಾಕಿಕೊಳ್ಳುತ್ತೇನೆ ಎಂದರು. ನಾನು ಉಬ್ಬಿಹೋದೆ. ಒಬ್ಬರಾದರೂ, ಇದು ನೀರಿನಲ್ಲಿ ನಿಲ್ಲುತ್ತದಾ ಎಂದು ಕೇಳಲಿಲ್ಲ. ಮನೆಯಲ್ಲಿ ಕೇಳಿದ ಒಬ್ಬರಿಗೆ ನಾನು ಉತ್ತರ ಕೊಟ್ಟು ಬಾಯಿ ಮುಚ್ಚಿಸಿ ಆಗಿತ್ತು.

ಮೇ ತಿಂಗಳು ಬಂತು. “ನೀನೂ ಬಾ,” ಎಂದರು. “ಆ ನೀರು ಒಮ್ಮೆ ನೋಡಿದ್ರೆ ಗರಿ ಎಷ್ಟು ಬೇಕು ಅಂತ ನಿನಗೇ ಗೊತ್ತಾಗ್ತದೆ.” ನನಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸವಿತ್ತು. ಕೇಳಿದ್ದರೆ ಶಾಲೆಯವರು ಬಿಡುತ್ತಿದ್ದರು. ನನ್ನ ನಿವೃತ್ತಿಗೆ ಮುಂಚಿನ ಕೊನೆಯ ಬೇಸಿಗೆ, ಬಿಡಲು ನನಗೇ ಮನಸ್ಸಾಗಲಿಲ್ಲ. ಡಬ್ಬಿಯಲ್ಲಿ ಹತ್ತಿ ಹಾಸಿ, ನನ್ನ ಗೊಂಡೆ ಹೂಗಳನ್ನು ಜೋಡಿಸಿ, ಇವರ ಚೀಲದಲ್ಲಿಟ್ಟು ಕಳಿಸಿಕೊಟ್ಟೆ.

ಅಲ್ಲಿಂದ ಫೋನು ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಮೀನು. ಇವತ್ತು ಮೋಡ ಇತ್ತು ಎನ್ನುತ್ತಿದ್ದರು. ಇವತ್ತು ಗಾಳಿ. ನೀರು ಜಾಸ್ತಿ ಉಂಟು, ಮೇಲೆ ಹಿಮ ಕರಗ್ತಾ ಉಂಟು. ವಾಪಸು ಬರುವಾಗ ಬಿ.ಸಿ.ರೋಡಿನವರೆಗೆ ಹೋಗಿ ಕಾದೆ. ಬಸ್ಸಿನಿಂದ ಇಳಿದ ಇವರ ಚೀಲದಲ್ಲಿ ನನಗೊಂದು ಶಾಲು ಮತ್ತು ಅಕ್ರೋಟು ಇತ್ತು.

“ಮೀನು?” ಎಂದೆ.

“ನೀರು ಜಾಸ್ತಿ ಇತ್ತು,” ಎಂದರು. “ಇರ್ಲಿ ಬಿಡು, ಹಸಿವಾಗ್ತದೆ. ಮೊದಲು ಎಂತಾದ್ರೂ ತಿನ್ನುವ.” ಅಲ್ಲೇ ಹೋಟೆಲಿನಲ್ಲಿ ಕುಳಿತು ಗೋಳಿಬಜೆ ತಿಂದೆವು. ನಾನು ಆ ನದಿಗೆ ಬಾಯಿಗೆ ಬಂದಂತೆ ಬೈದೆ. ಇವರು ನಗುತ್ತಾ ಕೇಳಿದರು.

ಆ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಶ್ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಎದ್ದು ನಿಲ್ಲಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಬರುವಾಗ ಜೀವವಿತ್ತು, ಮಾತು ನಿಧಾನವಾಗಿತ್ತು, ಕಾಲು ಕೋಲು ಹಿಡಿದರೆ ನಾಲ್ಕು ಹೆಜ್ಜೆ ಇಡುತ್ತಿತ್ತು. ಬಲಗೈ ಮಾತ್ರ ಬರಲಿಲ್ಲ. ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಗಾಳದ ಕೋಲು ಬೀಸುವ ಕೈ ಅದು.

ಇವರ ಬಟ್ಟೆ ಹುಡುಕುವಾಗ ಆ ಪ್ರಯಾಣದ ಚೀಲ ಸಿಕ್ಕಿತು. ಅಡಿಯಲ್ಲಿ ನೊಣದ ಡಬ್ಬಿ. ಮುಚ್ಚಳ ತೆಗೆದು ನೋಡಿದರೆ ನಾನು ಕಟ್ಟಿದ್ದು ನನಗೇ ಗುರುತು ಸಿಗಲಿಲ್ಲ. ಕೆಲವು ಹಾಗೇ ಇದ್ದವು. ಉಳಿದವುಗಳ ಗರಿಯ ಎಳೆಗಳನ್ನು ಯಾರೋ ಕತ್ತರಿಯಿಂದ ಸುತ್ತಲೂ ಕತ್ತರಿಸಿದ್ದರು. ಹುಟ್ಟಿನಿಂದ ಬಂದ ಎಳೆಯ ತುದಿ ಚೂಪಾಗಿರುತ್ತದೆ, ಇವುಗಳದ್ದು ಮೊಂಡಾಗಿತ್ತು. ಒರೆಸಿ ತಿದ್ದಿದ ಉತ್ತರ ಟೀಚರ ಕಣ್ಣಿಗೆ ತಪ್ಪುವುದಿಲ್ಲ. ಡಬ್ಬಿ ಹಿಡಿದುಕೊಂಡು ಇವರ ಮಂಚದ ಹತ್ತಿರ ಹೋದೆ.

“ಇದನ್ನು ಕತ್ತರಿಸಿದ್ದು ಯಾರು?”

“ನಾನೇ.”

“ಯಾಕೆ?”

“ಬದಿಗೆ... ಬೀಳ್ತಿತ್ತು. ಎಳೆ ಉದ್ದ.”

“ಕತ್ತರಿಸಿದ ಮೇಲೆ?”

“ಮುಳುಗಿತು. ತುದಿ... ಮೊಂಡು.”

“ಹಾಗಾದ್ರೆ ಮೊದಲೇ ಹೇಳ್ಬಹುದಿತ್ತಲ್ಲ ನನಗೆ!” ನನ್ನ ಸ್ವರ ಏರಿತ್ತು.

ಇವರು ನನ್ನನ್ನು ನೋಡಿದರು. ಕೋಪವೇನೂ ಇರಲಿಲ್ಲ. “ಹೇಳಿದ್ದೆ,” ಎಂದರು.

ಹೌದು, ಹೇಳಿದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ನದಿಯ ದಡದಲ್ಲಿ, ಗೆಳೆಯನ ಎದುರಿಗೆ, ಹೆಂಡತಿ ಕಟ್ಟಿದ ನೊಣ ಮಗ್ಗುಲಾಗುವುದನ್ನು ಕಂಡು ಇವರು ಕತ್ತರಿ ಹಿಡಿದು ಕುಳಿತ ಚಿತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ. ಬೇರೆ ನೊಣ ಗೆಳೆಯನ ಹತ್ತಿರ ಬೇಕಾದಷ್ಟಿತ್ತು. ತೆಗೆದುಕೊಳ್ಳಲಿಲ್ಲವಂತೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಇವರ ಸ್ವರ ಕೇಳಿತು. “ನೀರೂ ಜಾಸ್ತಿ ಇತ್ತು, ಮಾರಾಯ್ತಿ.” ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನೀರು ಜಾಸ್ತಿಯಿದ್ದರೆ ಯಾರ ನೊಣಕ್ಕೂ ಮೀನು ಬರುವುದಿಲ್ಲ. ನನ್ನದಕ್ಕೂ ಇಲ್ಲ, ಸರಿಯಾಗಿ ಕಟ್ಟಿದವರದಕ್ಕೂ ಇಲ್ಲ.

ನನಗೆ ನಿವೃತ್ತಿಯಾದ ಮೇಲೆ ವೈಸನ್ನು ಇವರ ಮಂಚದ ಪಕ್ಕದ ಮೇಜಿಗೆ ತಂದು ಬಿಗಿದೆ. ಪಕ್ಕದಲ್ಲಿ ಅಗಲ ಬಾಯಿಯ ಸ್ಟೀಲ್ ಬೋಗುಣಿಯಲ್ಲಿ ನೀರು. ಕಟ್ಟಿದ್ದನ್ನು ಬೋಗುಣಿಯಲ್ಲಿ ಬಿಡುವುದು, ಇವರು ತಲೆ ವಾಲಿಸಿ ನೀರಿನ ಮಟ್ಟಕ್ಕೆ ಕಣ್ಣಿಟ್ಟು ನೋಡುವುದು, ತೀರ್ಪು ಕೊಡುವುದು. “ಬಿತ್ತು.” ಇನ್ನೊಂದು. “ಬಿತ್ತು.” ಗರಿ ಸಣ್ಣದು ಮಾಡಿದೆ. “ಕೂತಿತು.” ಸಣ್ಣದಾದರೆ ಹೊಟ್ಟೆ ನೀರಿಗೆ ತಾಗಿ ಮುಳುಗುತ್ತದೆ, ದೊಡ್ಡದಾದರೆ ಎತ್ತರವಾಗಿ ತೂಗಾಡಿ ಮಗುಚುತ್ತದೆ. ಸುತ್ತು ಹೆಚ್ಚಾದರೆ ಒಂದು ತೊಂದರೆ, ಕಡಿಮೆಯಾದರೆ ಇನ್ನೊಂದು. ನನ್ನ ಜೀವಮಾನದಲ್ಲಿ ನನಗೆ ಇಷ್ಟು ಸಲ ಯಾರೂ ಸೊನ್ನೆ ಹಾಕಿರಲಿಲ್ಲ. ಸಿಟ್ಟು ಬಂದು ಒಮ್ಮೆ ಬೋಗುಣಿಯ ನೀರನ್ನು ಕಿಟಕಿಯಿಂದ ಹೊರಗೆ ಚೆಲ್ಲಿದೆ. ಮತ್ತೆ ನಾನೇ ತುಂಬಿಸಿಕೊಂಡು ಬಂದೆ.

ಕಷ್ಟವಾದದ್ದು ಅಳತೆಯಲ್ಲ. ಸಾಕು ಎಂದು ನಿಲ್ಲಿಸುವುದು. ಮೂರನೆಯ ಸುತ್ತಾದ ಮೇಲೆ ಕೈ ತಾನಾಗಿ ನಾಲ್ಕನೆಯದಕ್ಕೆ ಹೋಗುತ್ತಿತ್ತು. ದಾರ ಕಾಣುತ್ತಿದೆ, ಮುಚ್ಚು ಮುಚ್ಚು ಎಂದು ಬೆರಳು ಹೇಳುತ್ತಿತ್ತು.

ಅಷ್ಟರಲ್ಲಿ ಸಣ್ಣ ಗರಿಗಳು ಮುಗಿದವು. ತಲೆಯ ಹತ್ತಿರ ಇರುವುದೇ ಕೆಲವು. ಅಣ್ಣನಿಗೆ ಫೋನು ಮಾಡಿದರೆ, ಈಗ ಅಂಕವೂ ಇಲ್ಲ, ಗಸಿಯೂ ಇಲ್ಲ ಎಂದ. ಮರುದಿನ ರಿಕ್ಷಾದಿಂದ ಇಳಿದ. ಕಂಕುಳಲ್ಲಿ ಜೀವಂತ ಹುಂಜ! ಕಪ್ಪು ಬಿಳಿ ಚುಕ್ಕಿಯದು, ಅಣ್ಣನ ಕಣ್ಮಣಿ. ನೇರವಾಗಿ ಇವರ ಮಂಚದ ಮೇಲೆ ತಂದು ಕುಳ್ಳಿರಿಸಿದ.

“ನೀವೇ ಆರಿಸಿ ಭಾವ. ಆದ್ರೆ ನೋಡಿ, ಹೆಚ್ಚು ತೆಗೀಬೇಡಿ. ಕುತ್ತಿಗೆ ಬೋಳಾದ್ರೆ ಅಂಕದಲ್ಲಿ ಇವನ ಮರ್ಯಾದೆ ಉಂಟಾ?”

ಇವರು ಎಡಗೈಯ ಬೆರಳಿನಿಂದ ಹುಂಜನ ಕುತ್ತಿಗೆಯ ಗರಿಗಳನ್ನು ಹಿಂದಕ್ಕೆ ನೇವರಿಸುತ್ತಾ ಹುಡುಕಿದರು. ಇದು, ಇದು, ಇದಲ್ಲ. ಅಣ್ಣ ಒಂದೊಂದನ್ನು ಕೀಳುವಾಗ ಹುಂಜನಿಗಿಂತ ಜೋರಾಗಿ ತಾನೇ ಮುಖ ಹಿಂಡುತ್ತಿದ್ದ. ಕೊನೆಗೆ ಅದು ಇವರ ಕೈಗೆ ಕುಟುಕಿ, ಹಾಸಿಗೆ ಹೊಲಸು ಮಾಡಿ, ಕಿಟಕಿಯ ಮೇಲೆ ಹಾರಿ ಕುಳಿತಿತು. ಇವರು ನಕ್ಕರು. ಆ ಮಳೆಗಾಲದ ನಂತರ ಇವರು ನಕ್ಕದ್ದು ಅದೇ ಮೊದಲು. ಹಾಸಿಗೆಯ ಬಟ್ಟೆ ಒಗೆಯುವಾಗ ನನಗೂ ನಗು ಬರುತ್ತಿತ್ತು.

ಆ ಗರಿಯಲ್ಲಿ ಕಟ್ಟಿದ ನೊಣ ನಿಂತಿತು. ಬೋಗುಣಿಯ ನೀರಿನ ಮೇಲೆ ಎಳೆಗಳ ತುದಿಯೂರಿ, ಹೊಟ್ಟೆ ತಾಗಿಸದೆ, ಬೆಂಚಿನ ಮೇಲೆ ನಿಂತ ಹುಡುಗಿಯಂತೆ ನೆಟ್ಟಗೆ. ಎಳೆಯ ತುದಿ ತಾಗಿದಲ್ಲಿ ನೀರು ತುಸು ತಗ್ಗಿತ್ತು, ಅಷ್ಟೇ. ನಾನು ಬೋಗುಣಿಯ ಅಂಚಿನಿಂದ ಊದಿದೆ. ಅದು ನಿಂತಲ್ಲಿಂದಲೇ ಜಾರಿಕೊಂಡು ಆಚೆ ಬದಿಗೆ ಹೋಯಿತು. ದಾರ ಕಾಣುತ್ತಿತ್ತು. ನೋಡಲು ಬಡಕಲು. ಅಮ್ಮ ಇದ್ದಿದ್ದರೆ ಬಿಚ್ಚಿಸುತ್ತಿದ್ದರು.

“ಇದು,” ಎಂದರು ಇವರು.

ಅಂಥವನ್ನು ಕೆಲವು ಕಟ್ಟಿ, ಬೆಳ್ತಂಗಡಿಯ ಅಂಚೆ ಕಚೇರಿಯಿಂದ ಹಿಮಾಚಲದ ಗೆಳೆಯನಿಗೆ ಪಾರ್ಸೆಲ್ ಮಾಡಿದೆ. ಅದು ನನ್ನ ಉಪಾಯ. ಇವರು ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಇವರ ಕೈಯಲ್ಲದಿದ್ದರೆ ಏನಾಯಿತು, ನಮ್ಮ ಹುಂಜನ ಗರಿಗೆ, ನನ್ನ ಕೈಕೆಲಸಕ್ಕೆ ಒಂದು ಮೀನು ಎದ್ದು ಬರುವುದನ್ನು ಇವರು ಕಣ್ಣಿನಿಂದಾದರೂ ನೋಡಲಿ ಎಂದು ನನ್ನ ಆಸೆ. ಒಳಗೊಳಗೆ ನನ್ನ ತಪ್ಪು ಸ್ವಲ್ಪ ತೊಳೆದುಹೋಗಲಿ ಎಂಬ ಆಸೆಯೂ ಇತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಮೇ ತಿಂಗಳಲ್ಲಿ ವಿಡಿಯೋ ಬಂತು. ಮಧ್ಯಾಹ್ನದ ಊಟ ಮುಗಿದಿತ್ತು. ದಿಂಬು ಕೊಟ್ಟು ಇವರನ್ನು ಕುಳ್ಳಿರಿಸಿ, ಫೋನನ್ನು ಇವರ ಮುಂದೆ ಹಿಡಿದು ಪಕ್ಕದಲ್ಲಿ ಕುಳಿತೆ. ನಾನು ಎಂದೂ ಹೋಗಿ ನೋಡದ ನದಿ. ಬಂಡೆಗಳ ನಡುವೆ ಹಸಿರು ಬಿಳಿ ನೀರು, ಅದರ ಗದ್ದಲ. ಗೆಳೆಯ ಹಿಂದಿಯಲ್ಲಿ ಕೂಗಿ ಹೇಳುತ್ತಿದ್ದ. ಭಾಯಿಸಾಬ್, ನೋಡಿ, ಈ ಸಲ ನೀರು ಹೋದ ವರ್ಷಕ್ಕಿಂತಲೂ ಜೋರಾಗಿದೆ. ಆದರೂ ಭಾಭಿಯ ನೊಣ ಹೇಗೆ ನಿಂತಿದೆ ನೋಡಿ.

ಹೋದ ವರ್ಷಕ್ಕಿಂತಲೂ ಜೋರು. ಇವರಿಗೂ ಕೇಳಿಸಿತು, ನನಗೂ ಕೇಳಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಇಷ್ಟು ದಿನ ಹಿಡಿದುಕೊಂಡಿದ್ದ ಒಂದೇ ಒಂದು ಸಮಾಧಾನವನ್ನು ಆ ಪುಣ್ಯಾತ್ಮ ಖುಷಿಯಿಂದಲೇ ಕಿತ್ತುಕೊಂಡಿದ್ದ. ನೀರು ಜಾಸ್ತಿಯಿದ್ದರೂ ಮೀನು ಬರುತ್ತದೆ. ಗರಿಯ ಅಳತೆ ಸರಿಯಿದ್ದರೆ ಹೋದ ವರ್ಷವೂ ಬರುತ್ತಿತ್ತು, ಇವರ ಬಲಗೈ ಇದ್ದ ವರ್ಷ.

ನೊಣ ಬಂಡೆಯ ಬದಿಯ ನಿಧಾನದ ನೀರಿಗೆ ಬಂತು. ಕೆಳಗಿನಿಂದ ಒಂದು ಕಂದು ನೆರಳು ಎದ್ದಿತು. ಮೂತಿ ಕಂಡಿತು. ಆಗ ಮಂಚದ ಮೇಲೆ ಇವರ ಎಡಗೈ ತೊಡೆಯ ಮೇಲಿಂದ ಚಕ್ಕನೆ ಮೇಲೆದ್ದಿತು, ದಾರ ಎಳೆದು ಮೀನನ್ನು ಸಿಕ್ಕಿಸುವವರ ಕೈ ಏಳುವ ಹಾಗೆ. ಭುಜವೂ ಅದರ ಜೊತೆ ಎದ್ದಿತು. ಫೋನಿನೊಳಗೆ ಗೆಳೆಯ ಕಿರುಚುತ್ತಿದ್ದ. ಮೀನು ನೀರು ಎರಚುತ್ತಾ ಅವನ ಬಲೆಗೆ ಬಂತು. ಮೈಮೇಲೆ ಕೆಂಪು ಚುಕ್ಕಿಗಳು. ಬಾಯಿಯ ಮೂಲೆಯಲ್ಲಿ ನನ್ನ ನೊಣ.

ಇವರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಇವರು ಅದನ್ನೇ ನೋಡಿದರು. ನಾನು ಫೋನು ಕೆಳಗಿಟ್ಟು ಆ ಕೈ ಹಿಡಿದು ಮೆಲ್ಲಗೆ ಇಳಿಸಿದೆ.

“ಒಳ್ಳೆಯ ಮೀನು,” ಎಂದರು.

“ಹೌದು,” ಎಂದೆ. ನಿಮ್ಮದಾಗಬೇಕಿತ್ತು ಎಂದು ನನಗೆ ಹೇಳಲಾಗಲಿಲ್ಲ.